ಹುಬ್ಬಳ್ಳಿಯಿಂದ ಹೊರಟವರಿಗೆ ಸರ್ಫಿಂಗಿನ ಮೊದಲ ದಿನ

ಗೋಕರ್ಣಕ್ಕೆ ಸರ್ಫಿಂಗ್, ಅಂದರೆ ಬೋರ್ಡಿನ ಮೇಲೆ ನಿಂತು ಕಡಲಿನ ಅಲೆಯ ಜೊತೆ ಸಾಗುವುದನ್ನು, ಕಲಿಯಲು ಹೋದವರು ಮೊದಲ ದಿನ ನೀರಲ್ಲಿರುವುದು ಹೆಚ್ಚೆಂದರೆ ಎರಡು ತಾಸು. ಅಷ್ಟರಲ್ಲಿ ಬೋರ್ಡಿನ ಮೇಲೆ ನಿಂತ ಹೊತ್ತನ್ನೆಲ್ಲ ಕೂಡಿಸಿದರೂ ಒಂದು ನಿಮಿಷ ಆಗುವುದು ಕಷ್ಟ. ಆದ್ದರಿಂದ ನೆಲದ ಮೇಲೆ ಕಲಿಯುವುದನ್ನೆಲ್ಲ ಊರಲ್ಲೇ ಮುಗಿಸಿಕೊಂಡು ಘಟ್ಟ ಇಳಿಯುವುದು ಜಾಣತನ.

ಗರಡಿಮನೆಯಲ್ಲಿ ದಂಡ ಹೊಡೆದ ಮೈಯಾದರೆ ಅರ್ಧ ಕೆಲಸ ಆದಂತೆಯೇ. ಮಲಗಿದಲ್ಲಿಂದ ಒಂದೇ ಏಟಿಗೆ ಎದ್ದು ನಿಲ್ಲುವುದು, ಅಂದರೆ ಪಾಪ್-ಅಪ್, ಇಡೀ ಕಲಿಕೆಯ ಬೇರು. ಮನೆಯಲ್ಲಿ ನವಲಗುಂದದ ಜಮಖಾನೆ ಇದ್ದರೆ ಅದರ ಒಂದು ಪಟ್ಟಿಯನ್ನೇ ಬೋರ್ಡಿನ ನಡುಗೆರೆ ಅಂತ ಹಿಡಿಯಿರಿ. ಬೋರಲು ಮಲಗಿ, ಅಂಗೈಗಳನ್ನು ಎದೆಯ ಪಕ್ಕ, ಕೆಳಪಕ್ಕೆಲುಬಿನ ಹತ್ತಿರ ಚಪ್ಪಟೆ ಊರಿ. ಎದೆ ಎತ್ತಿ, ಕೈ ನೂಕಿ, ಮುಂಗಾಲನ್ನು ಎರಡು ಕೈಗಳ ನಡುವೆ ತಂದಿಡಿ. ಎರಡೂ ಪಾದ ಗೆರೆಗೆ ಅಡ್ಡವಾಗಿರಬೇಕು, ಮಂಡಿ ಬಗ್ಗಿರಬೇಕು, ಕಣ್ಣು ಎದುರಿನ ಗೋಡೆಯ ಮೇಲಿರಬೇಕು. ದಿನಕ್ಕೆ 20 ಸಲ, ಎರಡು ವಾರ ಸಾಕು. ಮೊದಲು ಮಂಡಿಯೂರಿ ಆಮೇಲೆ ಏಳುವ ರೂಢಿ ಇಲ್ಲೇ ಬಿಡಬೇಕು. ನೀರಲ್ಲಿ ಮಂಡಿಯೂರಿದವರು ಮಂಡಿಯಲ್ಲೇ ಉಳಿಯುತ್ತಾರೆ. ಯಾವುದು ಮುಂಗಾಲು ಅಂತ ಗೊತ್ತಿಲ್ಲದಿದ್ದರೆ, ಹೇಳದೇ ಕೇಳದೇ ಬೆನ್ನಿಗೆ ಮೆಲ್ಲಗೆ ನೂಕಲು ಯಾರಿಗಾದರೂ ಹೇಳಿಡಿ. ತಾನಾಗಿ ಮುಂದೆ ಬಿದ್ದ ಕಾಲೇ ಸಾಮಾನ್ಯವಾಗಿ ಮುಂಗಾಲು.

ಇನ್ನು ಈಜು. ಗದಗ, ಹಾವೇರಿ ಕಡೆ ಬಾವಿಯಲ್ಲಿ ಕಲಿತವರಿಗೆ ಉಸಿರು ಗಟ್ಟಿ, ಆದರೆ ನಾಲ್ಕು ಕೈ ಹಾಕಿದರೆ ಗೋಡೆ ಸಿಗುವ ಅಭ್ಯಾಸ. ಈಜುಕೊಳದಲ್ಲಿ ನಿಲ್ಲದೇ 50 ಮೀಟರ್ ಹೋಗಲು ಬಂದರೆ ಮಾತ್ರ ಹೊರಡಿ. ಸರ್ಫಿಂಗಿನಲ್ಲಿ ಮೊದಲು ಸೋಲುವುದು ಕಾಲಲ್ಲ, ಭುಜ.

ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ, ಅಲೆ ನಯವಾಗಿ ಏಳುತ್ತದೆ. ಮಧ್ಯಾಹ್ನ ಗಾಳಿ ತಿರುಗಿ ನೀರೆಲ್ಲ ಕಲಕಿಬಿಡುತ್ತದೆ. ಹಾಗಾಗಿ ಶನಿವಾರ ರಾತ್ರಿಯೇ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾರಿ ಹಿಡಿಯುವುದು ಒಳ್ಳೆಯದು. ನೀರಿಗಿಳಿಯುವ ಮುಂಚೆ ಎರಡು ಬಾಳೆಹಣ್ಣು ಸಾಕು. ಮಿರ್ಚಿ, ಗಿರ್ಮಿಟ್ ಹೊಡೆದು ಹೊಟ್ಟೆಯ ಮೇಲೆ ಮಲಗಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

70 ಕೆಜಿ ಆಸುಪಾಸಿನವರು ಎಂಟರಿಂದ ಒಂಬತ್ತು ಅಡಿಯ ಫೋಮ್ ಬೋರ್ಡ್ ಕೇಳಿ. ಚಿಕ್ಕ ಬೋರ್ಡು ನೋಡಲು ಚೆಂದ, ಹೊಸಬರನ್ನು ಹೊರುವುದಿಲ್ಲ. ಬೋರ್ಡಿಗೆ ಕಟ್ಟಿರುವ ಲೀಷ್ ಅನ್ನುವ ಹಗ್ಗವನ್ನು ಹಿಂಗಾಲಿನ ಕಣಕಾಲಿಗೆ ಕಟ್ಟಬೇಕು. ಕೈಗೆ ಸುತ್ತಿಕೊಂಡರೆ ಅಲೆ ಎಳೆದಾಗ ಬೆರಳು ಮುರಿಯಬಹುದು. ನೀರಲ್ಲಿ ನಡೆಯುವಾಗ ಬೋರ್ಡು ಪಕ್ಕದಲ್ಲಿರಲಿ, ಮೂತಿ ಅಲೆಯ ಕಡೆಗಿರಲಿ. ಅದನ್ನು ಎದೆಗೆ ಅಡ್ಡ ಹಿಡಿದರೆ ಮೊದಲ ನೊರೆಗೇ ಮುಖಕ್ಕೆ ಬಡಿಯುತ್ತದೆ.

ಸೊಂಟದ ಮಟ್ಟದ ನೀರು, ಆಗಲೇ ಒಡೆದು ಬರುವ ಬಿಳಿ ನೊರೆ: ಮೊದಲ ದಿನಕ್ಕೆ ಇಷ್ಟೇ. ದಡಕ್ಕೆ ಮುಖ ಮಾಡಿ ಮಲಗಿದಾಗ ಮೂತಿ ನೀರಿಂದ ಎರಡು ಮೂರು ಇಂಚು ಮೇಲಿರಬೇಕು. ಮೈ ಮುಂದೆ ಸರಿದರೆ ಮೂತಿ ನೀರಿಗೆ ಚುಚ್ಚಿ ಬೋರ್ಡು ಬುಡಮೇಲಾಗುತ್ತದೆ. ಹಿಂದೆ ಸರಿದರೆ ಬಾಲ ಮುಳುಗಿ, ಅಲೆ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ಹೊಸಬರು ಅಲೆಯನ್ನು ಬೈಯುತ್ತಾರೆ, ತಪ್ಪು ಬಹಳ ಸಲ ಹೀಗೆ ಹಿಂದೆ ಮುಂದೆ ಸರಿದ ಮೈಯದು. ನೊರೆ ಹತ್ತಿರ ಬರುತ್ತಿದ್ದಂತೆ ಐದಾರು ಸಲ ಗಟ್ಟಿಯಾಗಿ ಕೈ ಹಾಕಿ. ಬಾಲಕ್ಕೆ ತಳ್ಳು ಸಿಕ್ಕ ಮೇಲೂ ಇನ್ನೆರಡು ಕೈ ಹಾಕಿ, ಆಮೇಲೆ ಏಳಿ. ಬಹಳ ಜನ ಆ ಎರಡು ಕೈ ಹಾಕದೇ ಎದ್ದು ಹಿಂದಕ್ಕೆ ಬೀಳುತ್ತಾರೆ. ಬೋರ್ಡಿನ ಅಂಚು ಹಿಡಿದು ಎದ್ದವರು ಮಗ್ಗುಲಿಗೆ, ಕಾಲು ನೋಡುತ್ತ ಎದ್ದವರು ಮುಂದಕ್ಕೆ. ಬೀಳುವಾಗ ತಲೆ ಮುಂದು ಮಾಡಿ ಹಾರಬೇಡಿ, ಕೆಳಗೆ ಮರಳು ಎರಡು ಮೂರು ಅಡಿಯಲ್ಲೇ ಇರುತ್ತದೆ. ಮೈ ಅಗಲ ಮಾಡಿ ಚಪ್ಪಟೆ ಬಿದ್ದು, ತಲೆಯನ್ನು ಎರಡೂ ತೋಳಿಂದ ಮುಚ್ಚಿಕೊಂಡೇ ಮೇಲೆ ಬನ್ನಿ.

ನಮ್ಮ ಬಯಲುಸೀಮೆಯ ಕಣ್ಣು ಮೋಸ ಹೋಗುವ ಜಾಗ ಒಂದಿದೆ. ಎರಡೂ ಕಡೆ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿ ಶಾಂತವಾಗಿ ಕಂಡರೆ, ಅಲ್ಲಿ ಇಳಿಯುವುದು ಸುರಕ್ಷಿತ ಅನಿಸುತ್ತದೆ. ಆದರೆ ದಡಕ್ಕೆ ಬಂದ ನೀರು ವಾಪಸ್ ಕಡಲೊಳಕ್ಕೆ ಓಡುವ ದಾರಿ ಅದೇ. ಮರಳು ಕಲಸಿದ ಬಣ್ಣ, ಒಳಕ್ಕೆ ಸಾಗುವ ನೊರೆ ಅದರ ಗುರುತು. ಸಿಕ್ಕಿಬಿದ್ದರೆ ನೇರ ದಡಕ್ಕೆ ಈಜಿ ದಣಿಯಬೇಡಿ. ಬೋರ್ಡು ಬಿಡಬೇಡಿ, ಅದು ತೇಲುತ್ತದೆ. ಅದರ ಮೇಲೆ ಮಲಗಿ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ, ಅಲೆ ಒಡೆಯುವ ಕಡೆ ಬಂದ ಮೇಲೆ ದಡಕ್ಕೆ ತಿರುಗಿ. ಆಗದಿದ್ದರೆ ಕೈ ಎತ್ತಿ ಕರೆಯಿರಿ. ಜೀವರಕ್ಷಕರು ಕೆಂಪು ಬಾವುಟ ಹಾಕಿದ ದಿನ ಬೋರ್ಡು ಮುಟ್ಟುವ ಮಾತೇ ಬೇಡ.

ಸಂಜೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಮೂಗಿಂದ ಉಪ್ಪುನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಬಿದ್ದಾಗ ಒಳಗೆ ಹೊಕ್ಕಿದ್ದು ಅದು. ಎರಡನೇ ಸಲ ಹೋಗುವುದಾದರೆ ತಿಂಗಳೊಳಗೇ ಹೋಗಿ, ಇಲ್ಲವಾದರೆ ಭುಜ ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಅಕ್ಟೋಬರ್‌ನಿಂದ ಮೇ ಮೊದಲ ವಾರದವರೆಗೆ ಹೊಸಬರಿಗೆ ಹದವಾದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲೂ ಬೇಡ, ಅರಬೈಲ್ ಘಟ್ಟವೂ ಬೇಡ. ನೊರೆಯಲ್ಲಿ ಹತ್ತಕ್ಕೆ ಏಳು ಸಲ ನಿಲ್ಲಲು ಬಂದ ಮೇಲೆ, ಒಡೆಯದ ಅಲೆ ಹಿಡಿಯಲು ಮಂಗಳೂರಿನ ಹತ್ತಿರದ ಮೂಲ್ಕಿ, ಸಸಿಹಿತ್ಲು ಕಡೆ ನೋಡಬಹುದು.