ಕಗ್ಗಂಟು ಬಿಡಿಸಿದ ಮಿಲಿಸೆಕೆಂಡ್

ಕೊನೆಗೂ ಆ ಗುಂಪು ಬೇರ್ಪಟ್ಟು ನಿಂತಿತು! ಜಾಲಗಳ ನಕ್ಷೆ ಬಿಡಿಸುವ ಗೆಫಿ ತಂತ್ರಾಂಶದ ಪರದೆಯ ಮೇಲೆ ಇಷ್ಟು ಕಾಲ ಒಂದೇ ಮುದ್ದೆಯಾಗಿ ಕಾಣುತ್ತಿದ್ದ ಜಾಲದಿಂದ ಕೆಲವೇ ಟ್ವಿಟರ್ ಖಾತೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ಹೊರಗೆ ಬಂದಿವೆ. ಲೇಔಟ್ ತಿದ್ದಿ, ಬಣ್ಣ ಬಳಿದು ಬರಿಸಿದ ಗುಂಪಲ್ಲ; ಎಡ್ಜ್‌ಗಳನ್ನು, ಅಂದರೆ ಖಾತೆಗಳ ನಡುವಿನ ಗೆರೆಗಳನ್ನು, ಎಣಿಸುವ ರೀತಿಯೇ ಬದಲಾದದ್ದರಿಂದ ಬಂದದ್ದು. ಅದಕ್ಕೆ ದಾರಿ ಸಿಕ್ಕಿದ್ದು, ಅರ್ಧ ಹಾಳಾಗಿ ಕೈಸೇರಿದ್ದ ಒಂದು ಕಾಲಮ್ಮಿನಲ್ಲಿ. ಹಳೆಯ ಟ್ವಿಟರ್ ದತ್ತಾಂಶವನ್ನು ಜೋಪಾನ ಮಾಡಿಟ್ಟುಕೊಂಡಿರುವ ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ವಿಷಯ ಲಸಿಕೆಯ ಬಗ್ಗೆ ಹಬ್ಬಿದ ವದಂತಿಗಳು. ನಾನು ಹುಡುಕುತ್ತಿದ್ದದ್ದು, ಅವುಗಳ ಲಿಂಕ್‌ಗಳನ್ನು ಒಂದೇ ಕೈ ನಡೆಸಿದಂತೆ ಒಟ್ಟಾಗಿ ಹಂಚುವ ಖಾತೆಗಳನ್ನು. ಲಿಂಕ್‌ಗಳ ಬಾಲಕ್ಕೆ ಅಂಟಿದ ಟ್ರ್ಯಾಕಿಂಗ್ ಕಸ ತೆಗೆಯುವುದು, ಕಿರು ಲಿಂಕ್‌ಗಳನ್ನು ಬಿಡಿಸುವುದು, ಖಾತೆ ಮತ್ತು ಲಿಂಕ್‌ಗಳ ಎರಡು ಪದರದ ಜಾಲವನ್ನು ಬರೀ ಖಾತೆಗಳ ಜಾಲಕ್ಕೆ ಇಳಿಸುವುದು, ಜಾಲವನ್ನು ಗುಂಪುಗಳಾಗಿ ವಿಂಗಡಿಸುವ ಲೈಡನ್ ವಿಧಾನ ಓಡಿಸುವುದು, ಇವೆಲ್ಲ ನೀವೂ ಮಾಡಿರುತ್ತೀರಿ. ಇನ್ನೂ ಅದಕ್ಕಿಂತ ಹಳೆಯ ಲೂವೇನ್ ವಿಧಾನ ಬಳಸುತ್ತಿರುವವರು ದಯವಿಟ್ಟು ಬದಲಾಯಿಸಿಕೊಳ್ಳಿ. ಒಳಗೊಳಗೇ ತುಂಡಾಗಿರುವ ಗುಂಪನ್ನೂ ಅದು ಒಂದೇ ಗುಂಪೆಂದು ಕೊಡಬಲ್ಲದು. 2019ರಲ್ಲಿ ಲೈಡನ್ ಬಂದದ್ದೇ ಆ ದೋಷ ನಿವಾರಿಸಲು.

ನನ್ನನ್ನು ಕಾಡಿದ್ದು ಪದರ ಇಳಿಸುವ ಹಂತ, ಅಂದರೆ ಒಂದೇ ಲಿಂಕ್ ಹಂಚಿದ ಪ್ರತಿ ಎರಡು ಖಾತೆಗಳ ನಡುವೆ ಒಂದು ಎಡ್ಜ್ ಎಳೆಯುವ ಹಂತ. ಸಾವಿರ ಖಾತೆಗಳು ಹಂಚಿದ ಒಂದೇ ಒಂದು ಲಿಂಕ್ 4,99,500 ಎಡ್ಜ್ ಹುಟ್ಟಿಸುತ್ತದೆ. ಆ ಸಾವಿರ ಮಂದಿಯಲ್ಲಿ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದಿರಬಹುದು. ಬೆಳಗಿನ ದೊಡ್ಡ ಸುದ್ದಿಯನ್ನು ಎಲ್ಲರೂ ಹಂಚಿದ್ದಾರೆ, ಅಷ್ಟೇ. ಅಪರೂಪದ ಲಿಂಕ್‌ಗೆ ಹೆಚ್ಚು ತೂಕ, ಎಲ್ಲರೂ ಹಂಚಿದ್ದಕ್ಕೆ ಕಡಿಮೆ ತೂಕ ಕೊಡುವ ಟಿಎಫ್-ಐಡಿಎಫ್ ಹಾಕಿದೆ. ಸೆರಾನೊ, ಬೊಗುನ್ಯಾ, ವೆಸ್ಪಿನ್ಯಾನಿ 2009ರಲ್ಲಿ ಕೊಟ್ಟ, ತೂಕದಲ್ಲಿ ಎದ್ದು ಕಾಣದ ಎಡ್ಜ್‌ಗಳನ್ನು ಅಳಿಸುವ ಡಿಸ್ಪ್ಯಾರಿಟಿ ಫಿಲ್ಟರ್‌ನಿಂದಲೂ ಸೋಸಿದೆ. ಮುದ್ದೆ ಸಣ್ಣದಾಯಿತು, ಆದರೆ ಮುದ್ದೆಯಾಗಿಯೇ ಉಳಿಯಿತು. ಉಳಿದುಕೊಂಡವರು ಯಾರೆಂದು ನೋಡಿದರೆ ಅಪ್ಪಟ ಅಭಿಮಾನಿಗಳು, ದಿನವಿಡೀ ಒಂದೇ ನಾಲ್ಕಾರು ತಾಣಗಳನ್ನು ಓದಿ ಹಂಚುವ ನಿಜವಾದ ಮನುಷ್ಯರು. ಇಬ್ಬರು ಒಂದೇ ವಿಷಯವನ್ನು ನಂಬುವುದು ಪಿತೂರಿಯಾಗುವುದಿಲ್ಲ. ಆ ನಂಬಿಕೆ ತಪ್ಪಾಗಿದ್ದರೂ ಆಗುವುದಿಲ್ಲ. ಈ ಕೆಲಸದಲ್ಲಿ ನಾನು ಹಿಡಿದುಕೊಂಡಿರುವ ನಿಯಮ ಇದೊಂದೇ: ಎರಡು ಖಾತೆಗಳ ನಡುವೆ ಗೆರೆ ಎಳೆಯುವ ಮೊದಲು, ಆ ಗೆರೆಗೆ ಕಾಕತಾಳೀಯಕ್ಕಿಂತ ಗಟ್ಟಿಯಾದ ಆಧಾರ ಇರಬೇಕು. ಅಮಾಯಕರನ್ನು ಕೂಲಿ ಖಾತೆಗಳ ಸಾಲಿಗೆ ಸೇರಿಸುವ ನಕ್ಷೆಯೂ ಒಂದು ಬಗೆಯ ಸುಳ್ಳು ಸುದ್ದಿಯೇ.

ಎಷ್ಟು ಲಿಂಕ್ ಒಟ್ಟಿಗೆ ಹಂಚಿದರು ಎಂಬುದಕ್ಕಿಂತ ಎಷ್ಟು ಅಂತರದಲ್ಲಿ ಹಂಚಿದರು ಎಂಬುದು ಹೆಚ್ಚು ಹೇಳುತ್ತದೆ. ಕೂರ್‌ನೆಟ್ ಎಂಬ ತಂತ್ರಾಂಶ ಬಳಸಿದವರಿಗೆ ಇದು ಗೊತ್ತು: ಅತಿ ವೇಗವಾಗಿ ಹಬ್ಬಿದ ಲಿಂಕ್‌ಗಳನ್ನು ನೋಡಿ ದತ್ತಾಂಶದಿಂದಲೇ ಒಂದು ಕಾಲಮಿತಿ ತೆಗೆದು, ಅದರೊಳಗೆ ಮತ್ತೆ ಮತ್ತೆ ಜೊತೆಯಾಗುವ ಖಾತೆಗಳನ್ನು ಮಾತ್ರ ಉಳಿಸಿಕೊಳ್ಳುವುದು. ವಿಧಾನ ಚೆನ್ನಾಗಿದೆ. ಆದರೆ ನನಗೆ ಬಂದ ದತ್ತಾಂಶದಲ್ಲಿ ಸಮಯ ನಿಮಿಷಕ್ಕೆ ನಿಂತುಹೋಗಿತ್ತು. 10:14:59 ಮತ್ತು 10:15:00 ಬೇರೆ ಬೇರೆ ನಿಮಿಷ, ಆದರೆ 10:14:00 ಮತ್ತು 10:14:59 ಒಂದೇ ನಿಮಿಷ! ಇಂಥ ಗಡಿಯಾರ ಇಟ್ಟುಕೊಂಡು ಯಾರು ಯಾರ ಹಿಂದೆ ಬಂದರೆಂದು ಹೇಗೆ ಹೇಳುವುದು?

ಮಾರಾಟಗಾರರ ಬಗ್ಗೆ ಇಲ್ಲಿ ನಾಲ್ಕು ಮಾತು ಆಡಲೇಬೇಕು. 2023ರಲ್ಲಿ ಟ್ವಿಟರ್‌ನ ದತ್ತಾಂಶವನ್ನು ಉಚಿತವಾಗಿ ಪಡೆಯುವ ದಾರಿಯಾಗಿದ್ದ ಎಪಿಐ ನಿಂತಿತು, 2024ರ ಆಗಸ್ಟ್‌ನಲ್ಲಿ ಫೇಸ್‌ಬುಕ್ ಪೋಸ್ಟ್‌ಗಳು ಹಬ್ಬುವುದನ್ನು ನೋಡಲು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಮುಚ್ಚಿತು. ಹವ್ಯಾಸಿಗಳಿಗೆ ಉಳಿದದ್ದು ಹಳೆಯ ಸಂಗ್ರಹಗಳು, ಮತ್ತು ಅವನ್ನು ಕೈಯಿಂದ ಕೈಗೆ ದಾಟಿಸುವ ವ್ಯಾಪಾರಿಗಳು. ನಾನು ಹಣ ಕೊಟ್ಟು ಪಡೆದ ಕಡತ ಯಾವುದೋ ಹಂತದಲ್ಲಿ ಸ್ಪ್ರೆಡ್‌ಶೀಟಿನ ಮೂಲಕ ಹಾದುಬಂದಿತ್ತು. ಅಲ್ಲಿ ಸಂಖ್ಯೆಗೆ 15 ಅಂಕಿಗಳಷ್ಟೇ ನಿಖರತೆ, ಮಿಕ್ಕದ್ದೆಲ್ಲ ಸೊನ್ನೆ. 2018ರ ಮೇ ಕೊನೆಯಿಂದ ಟ್ವೀಟ್ ಐಡಿಗಳು, ಅಂದರೆ ಪ್ರತಿ ಟ್ವೀಟಿನ ಗುರುತಿನ ಸಂಖ್ಯೆಗಳು, 19 ಅಂಕಿಯವು. ಹೀಗಾಗಿ ಪ್ರತಿ ಐಡಿಯ ಕೊನೆಯ ನಾಲ್ಕು ಅಂಕಿ ಹೋಗಿತ್ತು. ರೀಟ್ವೀಟ್‌ಗಳ ಕಡತವೋ ಇಷ್ಟು ದೊಡ್ಡ ಸಂಖ್ಯೆಗಳನ್ನು ನಿಖರವಾಗಿ ಹಿಡಿದಿಡದ ಜಾವಾಸ್ಕ್ರಿಪ್ಟ್ ಭಾಷೆಯ ಕೈಗೆ ಸಿಕ್ಕಿ, ಅಲ್ಲಿನ ಐಡಿಗಳೆಲ್ಲ 256ರ ಗುಣಕಗಳಾಗಿ ದುಂಡಾಗಿದ್ದವು. ಎರಡನ್ನೂ ಜೋಡಿಸಹೋದರೆ ಸಾಲುಗಳು ತಾಳೆಯಾಗಲೇ ಇಲ್ಲ. ಮಾರಿದವರಿಗೆ ಬರೆದರೆ, ದತ್ತಾಂಶ ಪೂರ್ಣವಾಗಿದೆ, ನಿಮ್ಮ ತಂತ್ರಾಂಶ ಪರೀಕ್ಷಿಸಿಕೊಳ್ಳಿ ಎಂಬ ಉತ್ತರ. ಐಡಿಯನ್ನು ಅಕ್ಷರಗಳ ಸರಣಿಯಾಗಿ ಉಳಿಸಿ ಎಂಬ ಒಂದು ಸಾಲಿನ ಎಚ್ಚರಿಕೆ ಪಾಲಿಸದವರು ದತ್ತಾಂಶ ಮಾರುವುದಾದರೂ ಹೇಗೆ ಎಂದು ನನಗೆ ಇಂದಿಗೂ ಸಿಟ್ಟಿದೆ.

ಆದರೆ ಆ ಗಾಯಗೊಂಡ ಐಡಿಯಲ್ಲೇ ಪರಿಹಾರವಿತ್ತು. 2010ರ ನವೆಂಬರ್‌ನಿಂದ ಟ್ವಿಟರ್ ಬಳಸಿದ ಸ್ನೋಫ್ಲೇಕ್ ಮಾದರಿಯ ಐಡಿಯಲ್ಲಿ ಮೇಲಿನ 41 ಬಿಟ್ (ದ್ವಿಮಾನ ಅಂಕಿ) ಕಾಲಕ್ಕೆ, ನಂತರದ 10 ಬಿಟ್ ಯಂತ್ರದ ಗುರುತಿಗೆ, ಕೊನೆಯ 12 ಬಿಟ್ ಸರಣಿ ಸಂಖ್ಯೆಗೆ ಮೀಸಲು. ಕೆಳಗಿನ 22 ಬಿಟ್ ತೆಗೆದುಬಿಡಬೇಕು, ಅಂದರೆ 41,94,304ರಿಂದ ಭಾಗಿಸಿ ಪೂರ್ಣಾಂಕ ಉಳಿಸಿಕೊಳ್ಳಬೇಕು. ಅದಕ್ಕೆ 1288834974657 ಕೂಡಿಸಿದರೆ ಟ್ವೀಟ್ ಹುಟ್ಟಿದ ಮಿಲಿಸೆಕೆಂಡ್, 1970ರ ಆರಂಭದಿಂದ ಎಣಿಸಿದ್ದು, ಸಿಗುತ್ತದೆ. ಇದು ಬಹಳ ಮಂದಿಗೆ ಗೊತ್ತಿರುವ ಲೆಕ್ಕ. ನನ್ನ ಕಣ್ಣು ತೆರೆಸಿದ್ದು ಅದರ ಮುಂದಿನ ಹೆಜ್ಜೆ. ಒಂದು ಮಿಲಿಸೆಕೆಂಡ್ ಅಂದರೆ ಐಡಿಯಲ್ಲಿ ಸುಮಾರು 42 ಲಕ್ಷದ ಜಿಗಿತ. ನಾಲ್ಕು ಅಂಕಿ ಸೊನ್ನೆಯಾದರೆ ಆಗುವ ನಷ್ಟ ಹೆಚ್ಚೆಂದರೆ 9,999. ಅದು ಕಾಲದ ಭಾಗವನ್ನು ಮುಟ್ಟುವುದೇ ಅಪರೂಪ. ಮುಟ್ಟಿದರೂ ಒಂದೇ ಮಿಲಿಸೆಕೆಂಡಿನ ವ್ಯತ್ಯಾಸ. ಮಾರಿದವರು ಕತ್ತರಿಸಿದ್ದು ಯಂತ್ರ ಮತ್ತು ಸರಣಿಯ ಬಿಟ್‌ಗಳನ್ನು. ಕಾಲ ಹಾಗೇ ಉಳಿದಿತ್ತು!

ತಾಳೆ ನೋಡುವುದು ಸುಲಭ: ಐಡಿಯಿಂದ ತೆಗೆದ ಸಮಯವನ್ನು ಕಡತದಲ್ಲಿರುವ ನಿಮಿಷದ ಜೊತೆ ಹೋಲಿಸಿದರೆ ಆಯಿತು. ಸಾಲು ಸಾಲಾಗಿ ಹೊಂದಿಕೊಂಡದ್ದನ್ನು ನೋಡಿದಾಗ ಆದ ಸಂತೋಷ ಇನ್ನೂ ಇಳಿದಿಲ್ಲ. ರೀಟ್ವೀಟ್ ಕಡತವನ್ನೂ ಇದೇ ಉಪಾಯದಿಂದ ಜೋಡಿಸಿದೆ: ಮೊದಲ 15 ಅಂಕಿಗಳ ಮೇಲೆ ಹೊಂದಿಸುವುದು, 256ಕ್ಕೆ ದುಂಡಾಗಿಸುವಾಗ ಅಂಚು ದಾಟಿದವುಗಳಿಗಾಗಿ 15ನೆಯ ಅಂಕಿಯಲ್ಲಿ ಆಚೀಚೆ ಒಂದರಷ್ಟು ಸಡಿಲ ಕೊಡುವುದು. ಎರಡು ಟ್ವೀಟ್‌ಗಳ ಮೊದಲ 15 ಅಂಕಿ ಒಂದೇ ಆಗಬೇಕಾದರೆ ಅವು ಒಂದೇ ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ಒಂದೇ ಅಥವಾ ತೀರ ಹತ್ತಿರದ ಯಂತ್ರ ಸಂಖ್ಯೆಯಲ್ಲಿ ಹುಟ್ಟಿರಬೇಕು. ಆ ಅಪಾಯ ತೀರ ಕಡಿಮೆ. 1.53E+18 ಎಂದು ಅಚ್ಚಾಗಿದ್ದ ಸಾಲುಗಳನ್ನು ಮಾತ್ರ ಉಳಿಸಲಾಗಲಿಲ್ಲ. ಮೂರೇ ಅಂಕಿ ಉಳಿದರೆ ಟ್ವೀಟ್ 27 ದಿನಕ್ಕೂ ಉದ್ದವಾದ ಅವಧಿಯಲ್ಲಿ ಎಲ್ಲಾದರೂ ಇರಬಹುದು. ಅವನ್ನು ಕೈಬಿಟ್ಟೆ.

ಮಿಲಿಸೆಕೆಂಡ್ ಸಿಕ್ಕಿದ ಕೂಡಲೇ ಹೊಸದೊಂದು ತಲೆನೋವು ಕಾಣಿಸಿಕೊಂಡಿತು. ಎರಡು ಸೆಕೆಂಡಿನ ಮಿತಿ ಹಾಕಿದರೆ ಹೊರಬಂದ ಮೊದಲ ಗುಂಪು ಸುದ್ದಿ ಸಂಸ್ಥೆಗಳ ಖಾತೆಗಳದು. ನಿಗದಿತ ಸಮಯಕ್ಕೆ ಪೋಸ್ಟ್ ಮಾಡುವ ಉಪಕರಣ ಬಳಸುವವರೆಲ್ಲ ಗಂಟೆ ಸರಿಯಾಗಿ, ಅರ್ಧ ಗಂಟೆ ಸರಿಯಾಗಿ, ಸೊನ್ನೆ ಸೆಕೆಂಡಿನ ಹೊತ್ತಿಗೆ ಒಟ್ಟಿಗೆ ಬಂದು ಬೀಳುತ್ತಾರೆ. ಅವರ ನಡುವೆ ಯಾವ ಒಪ್ಪಂದವೂ ಇಲ್ಲ, ಇರುವುದು ದುಂಡು ಸಂಖ್ಯೆಯ ಮೇಲಿನ ಪ್ರೀತಿ. ಪ್ರತಿ ಖಾತೆಗೂ ನಿಮಿಷದೊಳಗಿನ ಸೆಕೆಂಡುಗಳ ಹಿಸ್ಟೋಗ್ರಾಂ ಹಾಕಿ ನೋಡಿ: ಮನುಷ್ಯರದು ಸಮತಟ್ಟು, ಉಪಕರಣದವರದು ಎಡತುದಿಯಲ್ಲಿ ಒಂದೇ ಕಂಬ. ಆ ಕಂಬದೊಳಗಿನ ಜೋಡಿಗಳನ್ನು ಪುರಾವೆಯೆಂದು ಎಣಿಸುವುದನ್ನು ನಿಲ್ಲಿಸಿದೆ.

ಮಿಕ್ಕದ್ದನ್ನು ತೂಗಲು ಕಲಸಾಟ. ಒಂದೇ ಗಂಟೆಯೊಳಗಿನ ಎರಡು ಹಂಚಿಕೆಗಳನ್ನು ತೆಗೆದುಕೊಂಡು, ಅವುಗಳ ಲಿಂಕ್‌ಗಳನ್ನು ಅದಲುಬದಲು ಮಾಡುವುದು. ಹೀಗೆ ಲಕ್ಷಾಂತರ ಸಲ. ಇದರಿಂದ ಯಾವ ಖಾತೆ ಆ ಗಂಟೆಯಲ್ಲಿ ಎಷ್ಟು ಚಟುವಟಿಕೆಯಿಂದಿತ್ತು, ಯಾವ ಲಿಂಕ್ ಎಷ್ಟು ಜನಪ್ರಿಯವಾಗಿತ್ತು ಎಂಬುದು ಬದಲಾಗುವುದಿಲ್ಲ. ಯಾರು ಯಾರ ಬೆನ್ನಿಗೆ ಬಂದರು ಎಂಬುದು ಮಾತ್ರ ಕದಡಿಹೋಗುತ್ತದೆ. ಕಲಸಿದ ಜಾಲಗಳಲ್ಲೂ ಅಷ್ಟೇ ಸಲ ಜೊತೆಯಾಗುವ ಜೋಡಿಗೆ ಗೆರೆಯಿಲ್ಲ. ಅಭಿಮಾನಿಗಳ ಮುದ್ದೆ ಇಲ್ಲಿ ಕರಗಿತು.

ಈ ಲೆಕ್ಕ ಓಡುತ್ತಿದ್ದಾಗಲೇ ಮುಂದಿನ ಯೋಜನೆ ತಲೆಗೆ ಹೊಕ್ಕಿತು: ಟ್ವಿಟರ್‌ನಂಥದೇ ಇನ್ನೊಂದು ತಾಣ ಬ್ಲೂಸ್ಕೈ. ಅಲ್ಲಿ ಜೆಟ್‌ಸ್ಟ್ರೀಮ್ ಎಂಬ ದತ್ತಾಂಶದ ಹರಿವಿನ ಮೂಲಕ ಸಾರ್ವಜನಿಕ ಪೋಸ್ಟ್‌ಗಳು ಯಾರಿಗಾದರೂ ಹರಿದುಬರುತ್ತವೆ, ಮಾರಾಟಗಾರರ ಹಂಗಿಲ್ಲ. ಪೋಸ್ಟಿನ ಗುರುತಿನ ಕೀಲಿಯಲ್ಲಿ ಸಾಮಾನ್ಯವಾಗಿ ಮೈಕ್ರೋಸೆಕೆಂಡ್‌ವರೆಗಿನ ಕಾಲ 13 ಅಕ್ಷರಗಳಲ್ಲಿ ಅಡಗಿರುತ್ತದೆ. ಆದರೆ ಅದನ್ನೂ, ರಚನೆಯ ಸಮಯವನ್ನೂ ಬಳಕೆದಾರರ ಕಡೆಯ ತಂತ್ರಾಂಶ ಬರೆದುಕೊಡಬಹುದು. ಹಾಗಾಗಿ ಸುಳ್ಳು ಹೇಳಲು ಅವಕಾಶವಿದೆ. ಹರಿವಿನಲ್ಲಿ ಬರುವ ಸರ್ವರ್‌ನ ಸಮಯವನ್ನು ಪಕ್ಕದಲ್ಲಿಟ್ಟು ನೋಡಿದರೆ, ಗಡಿಯಾರದ ವಿಷಯದಲ್ಲೇ ಸುಳ್ಳಾಡುವ ಖಾತೆಗಳು ಯಾವುವು ಎಂದು ತಿಳಿಯುತ್ತದೆ. ಸುಳ್ಳಿನ ರೀತಿಯೇ ಒಂದೇ ಆಗಿರುವ ಖಾತೆಗಳ ನಡುವೆ ಗೆರೆ ಎಳೆದರೆ ಎಂಥ ಜಾಲ ಸಿಗಬಹುದು! ಆ ಸಂಗ್ರಹಕ್ಕೆ ಡಿಸ್ಕ್ ಈಗಾಗಲೇ ಖಾಲಿ ಮಾಡುತ್ತಿದ್ದೇನೆ.

ಈಗ ಹೊರಬಂದ ಗುಂಪಿಗೆ ಬರೋಣ. ಒಂದು ಲಿಂಕ್ ಹಿಡಿದು ಅದರ ಹಂಚಿಕೆಗಳನ್ನು ಕಾಲದ ಗೆರೆಯ ಮೇಲೆ ಚುಕ್ಕೆಗಳಾಗಿ ಇಟ್ಟೆ. ಕೆಳಗೆ ಇನ್ನೊಂದು ಲಿಂಕ್, ಅದರ ಕೆಳಗೆ ಮತ್ತೊಂದು, ಎಲ್ಲದರಲ್ಲೂ ಮೊದಲ ಖಾತೆಯನ್ನು ಸೊನ್ನೆಗೆ ಹೊಂದಿಸಿ. ಚುಕ್ಕೆಗಳು ಒಂದರ ಕೆಳಗೊಂದು ನೆಟ್ಟಗೆ ನಿಂತವು. ಪ್ರತಿ ಖಾತೆಗೂ ತನ್ನದೇ ಅಂತರ, ಪ್ರತಿ ಲಿಂಕಿಗೂ ಅದೇ ಸರದಿ. ಕೆಲವು ಸಾಲುಗಳಲ್ಲಿ ಮೂರನೆಯ ಖಾತೆ ಇರಲಿಲ್ಲ. ನಾಲ್ಕನೆಯದು ಮುಂದೆ ಸರಿದು ಬಂದಿರಬೇಕೆಂದು ನೋಡಿದರೆ, ಬಂದಿಲ್ಲ. ಅದು ತನ್ನ ಎಂದಿನ ಜಾಗದಲ್ಲೇ ಇದೆ. ಮೂರನೆಯದರ ಜಾಗ ಖಾಲಿ. ಒಬ್ಬ ವ್ಯಕ್ತಿ ಖಾತೆಯಿಂದ ಖಾತೆಗೆ ಬದಲಾಯಿಸುತ್ತಾ ಕೈಯಾರೆ ಹಂಚುತ್ತಿದ್ದರೆ ಅಷ್ಟು ಹೊತ್ತು ಸುಮ್ಮನೆ ಕಾಯುತ್ತಿರಲಿಲ್ಲ. ಒಂದರ ಕೆಲಸ ಮುಗಿದ ಮೇಲೆ ಮುಂದಿನದನ್ನು ಎಬ್ಬಿಸುವ ಸರಳ ಪ್ರೋಗ್ರಾಂ ಆಗಿದ್ದರೂ ಅಂತರ ಅಲುಗಾಡಬೇಕಿತ್ತು. ಪ್ರತಿ ಖಾತೆಗೂ ಮೊದಲೇ ವಿಳಂಬ ಗೊತ್ತುಮಾಡಿಟ್ಟ ವೇಳಾಪಟ್ಟಿ ಹಿಂದೆ ಇರಬೇಕೆಂಬುದು ನನ್ನ ತೀರ್ಮಾನ. ಮೊದಲು ನಾನು ಇಟ್ಟುಕೊಂಡಿದ್ದ ನಿಮಿಷದ ಲೆಕ್ಕದಲ್ಲಿ ಈ ಖಾಲಿ ಜಾಗ ಕಾಣಲು ಸಾಧ್ಯವೇ ಇರಲಿಲ್ಲ.

ಖಾತೆಗಳ ಹೆಸರನ್ನು ನಾನು ಎಲ್ಲೂ ಹಾಕುವುದಿಲ್ಲ. ಒಂದೇ ಕೈ ಅವನ್ನು ನಡೆಸುತ್ತಿದೆ ಎಂದು ಹೇಳಬಲ್ಲೆ. ಆ ಕೈ ಯಾರದು, ಹಣ ಯಾರದು ಎಂಬುದನ್ನು ಜಾಲದ ನಕ್ಷೆ ಹೇಳುವುದಿಲ್ಲ. ಪಾಸ್‌ವರ್ಡ್ ಕದ್ದುಹೋಗಿ ಖಾತೆ ಬೇರೆಯವರ ಕೈಸೇರಿದ ಯಾರೋ ಪಾಪದವರು ಆ ಸಾಲಿನಲ್ಲಿ ಒಬ್ಬರಿದ್ದರೂ ಅನ್ಯಾಯವಾಗುತ್ತದೆ.

ಉತ್ತರ ಮೊದಲೇ ಗೊತ್ತಿರುವ ದತ್ತಾಂಶದ ಮೇಲೆ ಇದನ್ನು ಪರೀಕ್ಷಿಸುವುದು ಬಾಕಿ. 2018ರ ಅಕ್ಟೋಬರ್‌ನಲ್ಲಿ ಟ್ವಿಟರ್ ಹೊರಬಿಟ್ಟ, ಸುಳ್ಳು ಖಾತೆಗಳ ಮೂಲಕ ಪ್ರಚಾರ ನಡೆಸುತ್ತಿದ್ದ ರಷ್ಯಾದ ಇಂಟರ್‌ನೆಟ್ ರಿಸರ್ಚ್ ಏಜೆನ್ಸಿಯ 3,841 ಖಾತೆಗಳ ಸಂಗ್ರಹ ಅದಕ್ಕೆ ತಕ್ಕದ್ದು. ಆದರೆ ಅದರಲ್ಲಿ ಕಾರ್ಯಾಚರಣೆಯ ಖಾತೆಗಳಷ್ಟೇ ಇವೆ. ಅದೇ ಅವಧಿಯ, ಅದೇ ವಿಷಯಗಳ ಸಾಮಾನ್ಯ ಖಾತೆಗಳನ್ನು ಬೆರೆಸದೆ ಕಲಸಾಟಕ್ಕೆ ಅರ್ಥವಿಲ್ಲ. ನಿಮ್ಮಲ್ಲಿ ಯಾರ ಬಳಿಯಾದರೂ 2014ರಿಂದ 2017ರ ನಡುವಿನ ಯಾದೃಚ್ಛಿಕ ಮಾದರಿ ಇದ್ದರೆ ತಿಳಿಸಿ. ಐಡಿಗಳು ಹಾಳಾಗಿದ್ದರೂ ಪರವಾಗಿಲ್ಲ, ಮೊದಲ 15 ಅಂಕಿ ಸರಿಯಿದ್ದರೆ ಸಾಕು.