ಅಪ್ಪನ ಹೊಟ್ಟೆಯೊಳಗಿನ ಅರಿವಿ

ನಮ್ಮಪ್ಪ ಗದಗ-ಬೆಟಗೇರಿಯ ನೇಕಾರ. ಹೊಟ್ಟೆಯ ದೊಡ್ಡ ರಕ್ತನಾಳ ಊದಿದೆ, ಒಳಗೆ ಸ್ಟೆಂಟ್ ಗ್ರಾಫ್ಟ್ ಅನ್ನುವ ಬಟ್ಟೆಯ ಕೊಳವೆ ಕೂರಿಸಬೇಕು ಅಂತ ಹುಬ್ಬಳ್ಳಿಯ ಡಾಕ್ಟರ್ ಹೇಳಿದಾಗ ಅವರು ಮೊದಲು ಕೇಳಿದ್ದು ಒಂದೇ: "ಅರಿವಿ ಯಾವುದರಿ? ನೂಲು ಎಂಥಾದ್ದು?"

ಡಾಕ್ಟರ್ ಖುಷಿಯಾಗಿ ಉತ್ತರ ಕೊಟ್ಟರು. ನೇಯ್ದ ಪಾಲಿಯೆಸ್ಟರ್ ಬಟ್ಟೆ, ಅದಕ್ಕೆ ಹೊಲಿದ ಲೋಹದ ಬಳೆಗಳು. 1950ರ ದಶಕದಲ್ಲಿ ಅಮೆರಿಕದ ಮೈಕೆಲ್ ಡಿಬೇಕಿ ಅನ್ನುವ ಸರ್ಜನ್ ಅಂಗಡಿಯಿಂದ ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲೇ ಕೃತಕ ರಕ್ತನಾಳ ಹೊಲಿದಿದ್ದರಂತೆ. ಈ ಕಥೆ ಕೇಳಿದ ಮೇಲೆ ಅಪ್ಪನ ಭಯ ಅರ್ಧ ಹೋಯಿತು.

ಹೊಟ್ಟೆಯ ಆ ದೊಡ್ಡ ನಾಳ ಸಾಮಾನ್ಯವಾಗಿ 2 ಸೆಂಟಿಮೀಟರ್ ಅಗಲ ಇರುತ್ತದೆ. ಗಂಡಸರಲ್ಲಿ 5.5 ಮುಟ್ಟಿದರೆ ರಿಪೇರಿ ಮಾತು ಬರುತ್ತದೆ. ಅಪ್ಪನದು 6 ದಾಟಿತ್ತು. ಬೀಡಿ ಮತ್ತು ಬಿಪಿ, ಎರಡೂ ಇದ್ದವು. ತೊಡೆಸಂದಿಯ ರಕ್ತನಾಳದ ಮೂಲಕ ಗ್ರಾಫ್ಟ್ ಒಳಗೆ ಹೋಯಿತು, ಹೊಟ್ಟೆ ಕೊಯ್ಯಲಿಲ್ಲ.

ತಿಂಗಳ ನಂತರದ ಸಿಟಿ ಸ್ಕ್ಯಾನ್‌ನಲ್ಲಿ ಎಂಡೋಲೀಕ್ ಕಂಡಿತು. ಅಂದರೆ ಗ್ರಾಫ್ಟಿನ ಹೊರಗೆ, ಹಳೆಯ ಊತದ ಚೀಲದೊಳಗೆ ಇನ್ನೂ ರಕ್ತ ಹರಿಯುತ್ತಿದೆ. ಊರಲ್ಲಿ ಸುದ್ದಿ ಹಬ್ಬಿದ್ದು "ಆಪರೇಷನ್ ಫೇಲ್" ಅಂತ. ನನಗೆ ಈ ಮಾತು ತುಂಬಾ ನೋವು ಕೊಟ್ಟಿತು, ಯಾಕಂದ್ರೆ ಅದು ನಿಜವಲ್ಲ. ರಕ್ತ ಎಲ್ಲಿಂದ ಬರುತ್ತಿದೆ, ಚೀಲ ಬೆಳೆಯುತ್ತಿದೆಯಾ? ಕೇಳಬೇಕಾದ್ದು ಇವೆರಡನ್ನು.

ಗ್ರಾಫ್ಟಿನ ಮೇಲಿನ ಅಥವಾ ಕೆಳಗಿನ ತುದಿ ನಾಳದ ಗೋಡೆಗೆ ಸರಿಯಾಗಿ ಅಂಟದೆ ರಕ್ತ ಸೋರಿದರೆ ಅದು ಟೈಪ್ 1 ಲೀಕ್. ಗ್ರಾಫ್ಟಿನ ತುಂಡುಗಳ ಜೋಡಣೆ ಬಿಟ್ಟುಹೋದರೆ, ಬಟ್ಟೆ ಹರಿದರೆ ಟೈಪ್ 3. ಇವೆರಡರಲ್ಲೂ ರಕ್ತದ ಪೂರ್ತಿ ಒತ್ತಡ ಮತ್ತೆ ಚೀಲದ ಮೇಲೆ ಬೀಳುತ್ತದೆ, ಒಡೆಯುವ ಅಪಾಯ ನಿಜವಾಗಿಯೂ ಇರುತ್ತದೆ. ಕಾಯುವಂತಿಲ್ಲ. ಬಲೂನಿನಿಂದ ಒತ್ತಿ ಕೂರಿಸುತ್ತಾರೆ, ತುದಿಗೆ ಇನ್ನೊಂದು ತುಂಡು ಸೇರಿಸುತ್ತಾರೆ, ಇಲ್ಲವೇ ಒಳಗೆ ಹೊಸ ಗ್ರಾಫ್ಟ್ ಹಾಕುತ್ತಾರೆ. ನೇಯ್ಗೆಯ ಸಂದಿನಿಂದಲೇ ರಕ್ತ ಜಿನುಗುವುದು ಟೈಪ್ 4. ಈಗ ಅದು ಅಪರೂಪ, ತಾನಾಗೇ ನಿಲ್ಲುತ್ತದೆ.

ಅಪ್ಪನದು ಟೈಪ್ 2, ಎಲ್ಲಕ್ಕಿಂತ ಜಾಸ್ತಿ ಕಾಣುವಂಥದ್ದು. ಸೊಂಟದ ಸಣ್ಣ ನಾಳಗಳಿಂದ, ಕರುಳಿಗೆ ಹೋಗುವ ಒಂದು ನಾಳದಿಂದ ರಕ್ತ ಹಿಮ್ಮುಖವಾಗಿ ಚೀಲಕ್ಕೆ ಬರುತ್ತದೆ. ಬದುವಿನ ಆಚೆ ಹೊಲದಿಂದ ನೀರು ಬಸಿದು ಬಂದ ಹಾಗೆ. ಎಷ್ಟೋ ಜನರಲ್ಲಿ ಇದು ತಾನಾಗೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಡಾಕ್ಟರ್ ಕಾಯೋಣ ಅಂದರು. ಅಪ್ಪನ ಕಿಡ್ನಿ ಅಷ್ಟು ಚೆನ್ನಾಗಿಲ್ಲ. ಸಿಟಿಯಲ್ಲಿ ನಾಳ ಕಾಣಲು ಚುಚ್ಚುವ ಬಣ್ಣ ಕಿಡ್ನಿಗೆ ಭಾರ, ಪ್ರತಿ ಸಲ ಅದನ್ನು ಕೊಡುವ ಬದಲು ರಕ್ತದ ಹರಿವು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್ ಮಾಡಿದರು.

ಮೊದಲು ಚೀಲದ ಅಳತೆ ಬದಲಾಗಲಿಲ್ಲ. ಆಮೇಲೆ ಒಂದು ಸಲ ಬೆಳೆದಿತ್ತು, 1 ಸೆಂಟಿಮೀಟರಿಗಿಂತ ಜಾಸ್ತಿ. ಆಗ ಮತ್ತೆ ಸಿಟಿ ಮಾಡಲೇಬೇಕು ಅಂದರು. ಟೈಪ್ 2 ಅಂದುಕೊಂಡಿದ್ದರ ಹಿಂದೆ ಟೈಪ್ 1 ಅಥವಾ 3 ಅಡಗಿರಬಹುದು. ಅದನ್ನು ನೋಡದೆ ಸುಮ್ನೆ ಕಾಯಿಲ್ (ನಾಳ ಮುಚ್ಚುವ ಸಣ್ಣ ಲೋಹದ ಸುರುಳಿ) ಹಾಕಿದರೆ ಪ್ರಯೋಜನವಿಲ್ಲ. ಈ ಎಚ್ಚರಿಕೆಗೆ ನಾನು ಆ ಡಾಕ್ಟರಿಗೆ ಇಂದಿಗೂ ಋಣಿ. ತುದಿಗಳು ಭದ್ರವಾಗಿದ್ದವು. ಕ್ಯಾತೆಟರ್ ಅನ್ನುವ ಸಪೂರ ನಳಿಕೆಯನ್ನು ಕರುಳಿನ ನಾಳಗಳ ಸುತ್ತುದಾರಿಯಲ್ಲಿ ಚೀಲದ ತನಕ ಒಯ್ದು, ರಕ್ತ ಬರುವ ಬಾಯಿಯನ್ನು ಕಾಯಿಲ್ ಮತ್ತು ಅಂಟಿನಿಂದ ಮುಚ್ಚಿದರು. ಅದಾದ ಮೇಲೆ ಚೀಲ ಬೆಳೆದಿಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಗ್ರಾಫ್ಟ್ ಹಾಕಿಸಿಕೊಂಡವರಿಗೆ ಸ್ಕ್ಯಾನ್ ಜೀವನಪೂರ್ತಿ ಬೇಕು. ಯಾಕಂದ್ರೆ ವರ್ಷಗಳ ನಂತರವೂ ಹೊಸ ಲೀಕ್ ಬರಬಹುದು, ನೋವೇ ಇಲ್ಲದೆ. ಆದರೆ ಗದಗಿನಿಂದ ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಹೋಗಿಬರಲು ನೇಕಾರನಿಗೆ ಒಂದು ದಿನದ ಮಗ್ಗ ನಿಲ್ಲುತ್ತದೆ, ಜೊತೆಗೆ ಬಂದವರ ದುಡಿಮೆಯೂ ಹೋಗುತ್ತದೆ. ಆರಾಮ ಇದ್ದೀನಿ ಅಂತ ಬಿಟ್ಟುಬಿಡುವುದು ಇದಕ್ಕೇ. ಮನೆಯವರೇ ತಾರೀಖು ನೆನಪಿಟ್ಟು ಹೊರಡಿಸಬೇಕು.

ಹೋಗುವಾಗ ಹಳೆಯ ಸ್ಕ್ಯಾನಿನ ಸಿಡಿ ಒಯ್ಯಿರಿ, ರಿಪೋರ್ಟ್ ಮಾತ್ರ ಸಾಲದು. ಮೊದಲ ಅಳತೆ ಪಕ್ಕದಲ್ಲಿದ್ದರೆ ಮಾತ್ರ ಚೀಲ ಬೆಳೆದಿದೆಯೋ ಇಲ್ಲವೋ ಗೊತ್ತಾಗುವುದು. ನಡುವೆ ಯಾವತ್ತಾದರೂ ಹೊಟ್ಟೆ, ಬೆನ್ನು ದಿಢೀರನೆ ಜೋರಾಗಿ ನೋಯತೊಡಗಿದರೆ, ತಲೆ ಸುತ್ತಿ ಬಿದ್ದರೆ, ಗ್ಯಾಸ್ ಅಂತ ಮಾತ್ರೆ ಕೊಟ್ಟು ಕೂರಬೇಡಿ. ಆ ಕ್ಷಣವೇ ಎಮರ್ಜೆನ್ಸಿಗೆ ಕರೆದೊಯ್ದು, ಒಳಗೆ ಸ್ಟೆಂಟ್ ಗ್ರಾಫ್ಟ್ ಇದೆ ಅಂತ ಮೊದಲು ಹೇಳಿ.