ಏನೂ ಆಗದ ರಾತ್ರಿ

"ರಾತ್ರಿ ಏನೂ ಆಗಿಲ್ವಲ್ಲ ಸಿಸ್ಟರ್. ಮುಂದಿನ ವಾರದಿಂದ ನೈಟ್‌ಗೆ ಇಬ್ಬರು ಸಾಕಾಗಲ್ವಾ?"

ಬೆಳಗಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸಿ, ಅಂದರೆ ಹ್ಯಾಂಡೋವರ್ ಮುಗಿಸಿ, ಸಹಿ ಹಾಕುತ್ತಿದ್ದಾಗ ಸೂಪರ್‌ವೈಸರ್ ಮೇಡಂ ಕೇಳಿದ ಮಾತು. ಈ ವಾರವೆಲ್ಲ ಅದೇ ಕಿವಿಯಲ್ಲಿದೆ. ಸಿಟ್ಟಿನಿಂದ ಕೇಳಿದ್ದಲ್ಲ, ರಿಪೋರ್ಟ್ ಪುಸ್ತಕ ನೋಡಿ ಸಹಜವಾಗಿ ಕೇಳಿದರು. ಪುಸ್ತಕದಲ್ಲಿ ನಿಜಕ್ಕೂ ದೊಡ್ಡದೇನೂ ಇರಲಿಲ್ಲ. ಯಾರೂ ಬಿದ್ದಿಲ್ಲ, ಯಾರನ್ನೂ ಐಸಿಯುಗೆ ಕಳಿಸಿಲ್ಲ.

ಆ ರಾತ್ರಿ ನಮ್ಮ ವಾರ್ಡಿನಲ್ಲಿ ಹೊಟ್ಟೆಯ ಆಪರೇಷನ್ ಆದ ಒಬ್ಬ ಅಜ್ಜ ಇದ್ದರು. ಸಂಜೆ ಚೆನ್ನಾಗಿ ಮಾತಾಡುತ್ತಿದ್ದರು. ನಡುರಾತ್ರಿ ಉಸಿರು ನಿಮಿಷಕ್ಕೆ 18 ಇತ್ತು. ಎರಡು ಗಂಟೆ ಬಿಟ್ಟು ನೋಡಿದರೆ 26. ಬಿಪಿ ಸರಿಯಿತ್ತು, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಸರಿಯಿತ್ತು, ಯಾವ ಅಲಾರಂ ಕೂಡ ಹೊಡೆದಿರಲಿಲ್ಲ. ಕಂಡುಹಿಡಿದದ್ದು ಓದು ಮುಗಿಸಿ ಈಚೆಗಷ್ಟೇ ಸೇರಿದ ಹುಡುಗಿ. ಅವಳು ವಾಚ್ ಹಿಡಿದು, ಎದೆ ಏರಿಳಿಯೋದನ್ನು ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. ವರ್ಷಗಟ್ಟಲೆ ಅನುಭವ ಇರುವವರೂ ಅವಸರದಲ್ಲಿ ಕಣ್ಣಂದಾಜಿಗೆ ಬರೆದುಬಿಡುವ ಅಂಕಿ ಅದು. ನನಗೆ ಅವಳ ಮೇಲೆ ತುಂಬಾ ಗೌರವ. ದೊಡ್ಡವರಿಗೆ 12ರಿಂದ 20 ಸಹಜ. ಒಳಗೆ ಸೋಂಕು ಏರುತ್ತಿದ್ದರೆ ಎಷ್ಟೋ ಸಲ ಬಿಪಿ ಬೀಳುವ ಮೊದಲೇ ಉಸಿರು ಜೋರಾಗುತ್ತದೆ.

"ಅಕ್ಕ, ಇವರು ಯಾಕೋ ಸರಿಯಿಲ್ಲ" ಅಂದಳು. ಡ್ಯೂಟಿ ಡಾಕ್ಟರನ್ನು ಕರೆಸಿದೆವು. ರಕ್ತ ತೆಗೆದು, ಸೋಂಕಿನ ರೋಗಾಣು ಇದೆಯಾ ಅಂತ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಿದ್ದಾಯಿತು, ಆಂಟಿಬಯಾಟಿಕ್, ಫ್ಲೂಯಿಡ್ ಶುರುವಾಯಿತು. ಅವಳು ಆ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಉಳಿದ ವಾರ್ಡನ್ನು ನಾವಿಬ್ಬರು ನೋಡಿಕೊಂಡೆವು. ಬೆಳಗಾಗುವ ಹೊತ್ತಿಗೆ ಉಸಿರಿನ ವೇಗ ಇಳಿಯಿತು. ಅಜ್ಜ ಕಣ್ಣು ಬಿಟ್ಟು, ಮಗಳು ಬಂದಳಾ ಅಂತ ಕೇಳಿದರು. ರಿಪೋರ್ಟಿನಲ್ಲಿ ಇದಕ್ಕೆ ಸಿಕ್ಕಿದ್ದು ಎರಡು ಸಾಲು.

ಏನೂ ಆಗಿಲ್ವಲ್ಲ. ಹೌದು, ಆಗಲಿಲ್ಲ. ಮೂವರಿದ್ದೆವು, ಅದಕ್ಕೇ ಆಗಲಿಲ್ಲ.

ಹನ್ನೆರಡು ಗಂಟೆಯ ನೈಟ್ ಅಂದರೆ ನಿದ್ದೆಗೆಡೋದು ಮಾತ್ರ ಅಲ್ಲ. ತಾವಾಗಿ ಹೊರಳಲು ಆಗದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣು. ಅದಕ್ಕೆ ಇಬ್ಬರು ಬೇಕು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಇವನ್ನು ಕೊಡುವ ಮೊದಲು ಒಬ್ಬರು ತೆಗೆದ ಡೋಸನ್ನು ಇನ್ನೊಬ್ಬರು ನೋಡಬೇಕು. ಇಬ್ಬರೇ ಇದ್ದು ಒಬ್ಬಳು ಆ ಅಜ್ಜನ ಹತ್ತಿರ ನಿಂತಿದ್ದರೆ, ನೋಡೋಕೆ ಯಾರಿದ್ದಾರೆ? ಇದೆಲ್ಲದರ ನಡುವೆ ಬೆಳಗಿನ ಜಾವ ನಾಲ್ಕಕ್ಕೆ ಮೈ ತಣ್ಣಗಾಗುತ್ತದೆ, ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಡ್ಯೂಟಿ ಮುಗಿಯೋದೂ ಹೆಸರಿಗೆ ಮಾತ್ರ. ಚಾರ್ಟ್ ಬರೆದು, ಹ್ಯಾಂಡೋವರ್ ಕೊಟ್ಟು ಹೊರಡುವಾಗ ಹದಿಮೂರು ಗಂಟೆಯ ಹತ್ತಿರ.

ಇದು ನನ್ನೊಬ್ಬಳ ಅಳಲು ಅಲ್ಲ. ಹನ್ನೆರಡೂವರೆ ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದ ಪಾಳಿಗಳಲ್ಲಿ ನರ್ಸುಗಳಿಂದ ತಪ್ಪಾಗುವ ಸಾಧ್ಯತೆ ಮೂರು ಪಟ್ಟು ಅಂತ ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದಕ್ಕೂ ಮೊದಲು, 2002ರಲ್ಲಿ, ಅಲ್ಲಿನ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳನ್ನು ನೋಡಿದವರು ಇನ್ನೊಂದು ಲೆಕ್ಕ ಕೊಟ್ಟಿದ್ದರು: ಒಬ್ಬ ನರ್ಸ್ ನೋಡಬೇಕಾದ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೂ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತದೆ. ಮೂವರ ಕೆಲಸವನ್ನು ಇಬ್ಬರಿಗೆ ಹಂಚಿದರೆ ತಲೆಗೆ ಎಷ್ಟು ಜನ ಜಾಸ್ತಿಯಾಗುತ್ತಾರೆ, ಯೋಚಿಸಿ.

ಮೇಡಂ ಕೆಟ್ಟವರಲ್ಲ. ವರ್ಷಗಟ್ಟಲೆ ನೈಟ್ ಮಾಡಿ ಬಂದವರೇ. ಮೇಲಿನವರು ಖರ್ಚು ಕೇಳುತ್ತಾರೆ, ಅವರು ನಮ್ಮನ್ನು ಕೇಳುತ್ತಾರೆ. ಆದರೂ ವಾರ್ಡಿನ ನೆಲ ಸವೆಸಿದ ಕಾಲುಗಳೇ ಆ ಪ್ರಶ್ನೆ ಕೇಳಿದ್ದು ನನಗೆ ಜಾಸ್ತಿ ನೋವಾಯಿತು. ಒಬ್ಬರು ಸತ್ತಿದ್ದರೆ ಮೂರನೆಯವಳು ಬೇಕು ಅಂತ ಒಪ್ಪುತ್ತಿದ್ದರು. ಬದುಕಿಸಿದ್ದಕ್ಕೆ ಅವಳು ಬೇಡವಾದಳು. ಇದು ಯಾವ ನ್ಯಾಯ?

"ಸಾಕಾಗಲ್ಲ ಮೇಡಂ" ಅಂದೆ. ಅಜ್ಜನ ಚಾರ್ಟ್ ತೆಗೆದು ತೋರಿಸಿದೆ, 18, 26, ಆಮೇಲೆ 20. ಸ್ವಲ್ಪ ಹೊತ್ತು ನೋಡಿ, "ಮಾತಾಡ್ತೀನಿ" ಅಂದರು. ಮುಂದಿನ ವಾರದ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಇನ್ನೂ ಬಂದಿಲ್ಲ. ಅದರಲ್ಲಿ ಎರಡೇ ಹೆಸರಿದ್ದರೆ ನಾವೆಲ್ಲ ಸೇರಿ ಬರೆದು ಕೊಡುತ್ತೇವೆ. ಪತ್ರ ತಯಾರಾಗಿದೆ, ಮೊದಲ ಸಹಿ ಆ ಹುಡುಗಿಯದು.